ರಾಶಿಯ ಕಾವನ್ನು ಅಳೆಯುವ ಬಗೆ

ಮುಂಗಾರಿನ ಬೆಳೆ ಕಣಕ್ಕೆ ಬರುವ ದಿನಗಳಲ್ಲಿ ಜಗಳೂರಿನಿಂದ ಯಾವ ದಿಕ್ಕಿಗೆ ಹೊರಟರೂ ಕಣ್ಣಿಗೆ ಬೀಳುವುದು ಮೆಕ್ಕೆಜೋಳ. ಕಣ ಸಾಲದೆ ಅಂಗಳಕ್ಕೆ, ಅಂಗಳ ಸಾಲದೆ ಡಾಂಬರು ರಸ್ತೆಯ ಅಂಚಿಗೆ ಅದು ಹರಡಿಕೊಂಡಿರುತ್ತದೆ. ಸಂಜೆಯಾಗುತ್ತಲೇ ಅದನ್ನೆಲ್ಲ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಾರೆ. ಹೀಗೆ ಹೊದಿಸಿಟ್ಟ ರಾಶಿಯ ಬಳಿಗೆ ಮರುದಿನ ಮುಂಜಾನೆ ಮನೆಯ ಹಿರಿಯರು ಬಂದು, ತೋಳನ್ನು ಮೊಣಕೈಯವರೆಗೆ ಕಾಳಿನೊಳಕ್ಕೆ ತೂರಿಸಿ, ಒಂದು ಗಳಿಗೆ ಸುಮ್ಮನೆ ನಿಲ್ಲುವುದನ್ನು ನೀವು ಕಂಡಿರಬಹುದು. ನಾಡಿ ನೋಡುವ ವೈದ್ಯನ ಮುಖದಲ್ಲಿ ಕಾಣುವ ಏಕಾಗ್ರತೆಯೇ ಅಲ್ಲಿಯೂ ಇರುತ್ತದೆ. ಕೈಯನ್ನು ಹೊರಗೆಳೆದು, "ಕಾವು ಕಟ್ಟೈತಿ, ಬಿಚ್ಚಿ ಹರವ್ರಪ್ಪಾ" ಎಂದರೆ ಮುಗಿಯಿತು. ಮನೆಮಂದಿಯೆಲ್ಲ ಮೊರ, ಗೋರೆಗಳನ್ನು ಹಿಡಿದು ಹೊರಡಬೇಕು.

ಈ ತೀರ್ಪು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಕೈ ಎಂಬ ಮಾಪಕಕ್ಕೆ ಎರಡು ಕೊರತೆಗಳಿವೆ. ಅದು ಬಿಸಿಯನ್ನು ಅಳೆಯುವುದಿಲ್ಲ, ಹೋಲಿಸುತ್ತದೆ ಅಷ್ಟೆ. ಒಂದು ಕೈಯನ್ನು ತಣ್ಣೀರಿನಲ್ಲಿಯೂ ಮತ್ತೊಂದನ್ನು ಬಿಸಿನೀರಿನಲ್ಲಿಯೂ ಸ್ವಲ್ಪ ಹೊತ್ತು ಅದ್ದಿ, ಆಮೇಲೆ ಎರಡನ್ನೂ ಒಂದೇ ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ, ಒಂದು ಕೈ ಬಿಸಿಯೆನ್ನುತ್ತದೆ, ಮತ್ತೊಂದು ತಣ್ಣಗಿದೆ ಎನ್ನುತ್ತದೆ. ಚಳಿಗಾಲದ ಮುಂಜಾನೆಯ ಕೈಗೆ ಎಲ್ಲ ರಾಶಿಯೂ ಬೆಚ್ಚಗೇ ಸರಿ. ಎರಡನೆಯದಾಗಿ, ಕೈಗೆ ನೆನಪಿಲ್ಲ. ಮೊನ್ನೆಗಿಂತ ನಿನ್ನೆ, ನಿನ್ನೆಗಿಂತ ಈ ಹೊತ್ತು ಎಷ್ಟು ಏರಿತು ಎಂಬ ಪ್ರಶ್ನೆಗೆ ಅದು ಉತ್ತರ ಕೊಡಲಾರದು. ರಾಶಿಯನ್ನು ಕಾಪಾಡುವವನಿಗೆ ಬೇಕಾದದ್ದು ಆ ಉತ್ತರವೇ. ಅದನ್ನು ಕೊಡಬಲ್ಲ ಒಂದು ಸಣ್ಣ ಸಾಧನವನ್ನು, ಕೆಲವೇ ರೂಪಾಯಿಗೆ ದೊರೆಯುವ ಒಂದು ಟ್ರಾನ್ಸಿಸ್ಟರಿನಿಂದ, ಮನೆಯಲ್ಲಿಯೇ ಮಾಡಿಕೊಳ್ಳುವ ಬಗೆಯನ್ನು ಈಗ ಹೇಳಹೊರಟಿದ್ದೇನೆ.

ಕನ್ನಡ ಮೇಷ್ಟರಿಗೆ ಟ್ರಾನ್ಸಿಸ್ಟರಿನ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು; ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟವರೂ ಅವರೇ. ಭೌತಶಾಸ್ತ್ರದವರು ಪಂಪನ ಮನೆಗೆ ಬಂದು ಹೋಗಿದ್ದಾರೆ. ನಾವು ಒಮ್ಮೆ ಅವರ ಮನೆಯ ಹೊಸ್ತಿಲು ತುಳಿದರೆ ತಪ್ಪಾಗಲಾರದು.

ಮೊದಲು ಮಾತಿನ ವಿಚಾರ. ಬಿಸಿಗೆ ಸಂಬಂಧಿಸಿದ ಶಬ್ದಗಳಲ್ಲಿ ಕನ್ನಡ ಬಡವಾಗಿಲ್ಲ. ಬೆಂಕಿಯಿಂದ ಮುಖಕ್ಕೆ ಹೊಡೆಯುವುದು ಝಳ, ಮಳೆಗೆ ಮುಂಚೆ ಬೆವರಿಳಿಸುವುದು ಸೆಕೆ, ಮೇ ತಿಂಗಳ ಮಧ್ಯಾಹ್ನದ್ದು ಧಗೆ, ಒಳಗೊಳಗೆ ಸುಡುವುದು ಬೇಗೆ. 'ಕಾವು' ಎಂಬುದು ಇವೆಲ್ಲಕ್ಕಿಂತ ಬೇರೆಯಾದ ಪದ. ಕೋಳಿ ಕಾವಿಗೆ ಕೂರುತ್ತದೆ; ಕುಲುಮೆಯಲ್ಲಿ ಕಬ್ಬಿಣಕ್ಕೆ ಕಾವು ಏರುತ್ತದೆ; ರಾಶಿಗೆ ಕಾವು ಕಟ್ಟುತ್ತದೆ. ನಿಧಾನವಾಗಿ, ಒಂದೆಡೆ ನಿಂತು, ಬೆಳೆಯುತ್ತ ಹೋಗುವ ಬಿಸಿ ಅದು. ನಮ್ಮ ರೈತ ಈ ಪದವನ್ನು ಆಯ್ದುಕೊಂಡಿರುವುದರಲ್ಲಿಯೇ ಅವನ ಅನುಭವವೆಲ್ಲ ಅಡಗಿದೆ. ಆದರೆ ಅಳತೆಯ ಮಾತು ಬಂದಾಗ ಇನ್ನೊಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಸ್ನಾನದ ಹಂಡೆಯ ನೀರಿನಲ್ಲಿ ಉಷ್ಣ ಬಹಳವಿದೆ, ಅದರ ತಾಪ ಕಡಿಮೆ; ಉರಿಯುತ್ತಿರುವ ಬೀಡಿಯ ತುದಿಯಲ್ಲಿ ತಾಪ ಬಹಳ, ಉಷ್ಣ ಅತ್ಯಲ್ಪ. ಹಂಡೆಯ ನೀರು ಮನೆಮಂದಿಯನ್ನೆಲ್ಲ ಮೀಯಿಸುತ್ತದೆ, ಬೀಡಿಯ ಕಿಡಿ ಒಂದು ಲೋಟ ನೀರನ್ನೂ ಬೆಚ್ಚಗೆ ಮಾಡದು. ಪರಂಗಿಹಣ್ಣು ಉಷ್ಣ, ಮಜ್ಜಿಗೆ ತಂಪು ಎನ್ನುವ ಮನೆಮಾತಿನ ಉಷ್ಣ ಇವೆರಡಕ್ಕೂ ಸೇರದ ಮೂರನೆಯ ಬಗೆ. ಅದನ್ನು ಅಳೆಯುವ ಯಂತ್ರ ಅಜ್ಜಿಯರ ಬಳಿ ಮಾತ್ರ ಇರುತ್ತದೆ. ನಾವು ಅಳೆಯಹೊರಟಿರುವುದು ತಾಪವನ್ನು.

ಕಾಳಿನ ರಾಶಿಗೆ ಕಾವು ಬರುವುದು ಎಲ್ಲಿಂದ? ಬಿಸಿಲಿನಿಂದಲ್ಲ. ಕಾಳು ಸತ್ತ ವಸ್ತುವಲ್ಲ, ಅದು ಬೀಜ, ಅದಕ್ಕೂ ಉಸಿರಿದೆ. ತೇವ ಹೆಚ್ಚಿದಷ್ಟೂ ಆ ಉಸಿರು ಬಿರುಸಾಗುತ್ತದೆ. ಉಸಿರಾಟವೆಂದರೆ ಒಂದು ಬಗೆಯ ಮಂದ ದಹನ: ಆಮ್ಲಜನಕವನ್ನು ಒಳಗೆಳೆದುಕೊಂಡು ಇಂಗಾಲದ ಡೈಆಕ್ಸೈಡನ್ನೂ ನೀರಿನ ಆವಿಯನ್ನೂ ಉಷ್ಣವನ್ನೂ ಹೊರಬಿಡುವ ಕ್ರಿಯೆ. ಬಯಲುಸೀಮೆಯ ನಮ್ಮ ಪೂರ್ವಿಕರಿಗೆ ಇದು ಬೇರೊಂದು ದಾರಿಯಿಂದ ಗೊತ್ತಿತ್ತು. ಅವರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಹಗೇವನ್ನು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗದ ತುದಿಗೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಒಳಗೆ ಇಳಿದವನ ಉಸಿರೂ ಆರುತ್ತದೆ ಎಂದು ಅರ್ಥ. ಕಾಳು ತನ್ನ ಉಸಿರಿನಿಂದಲೇ ಒಳಗಿನ ಗಾಳಿಯನ್ನು ಕೆಡಿಸಿ, ಆ ಕೆಟ್ಟ ಗಾಳಿಯಲ್ಲಿ ಹುಳು ಹುಟ್ಟದಂತೆ ತನ್ನನ್ನು ತಾನೇ ಕಾಯ್ದುಕೊಳ್ಳುತ್ತಿತ್ತು. ಹಗೇವಿನ ಹಿಂದಿನ ವಿದ್ಯೆ ಇಷ್ಟೇ, ಆದರೆ ಎಂಥ ವಿದ್ಯೆ!

ಟಾರ್ಪಾಲಿನ ಕೆಳಗಿನ ರಾಶಿಗೆ ಆ ಭಾಗ್ಯವಿಲ್ಲ. ಹಗೇವಿಗೆ ಹೋಗುತ್ತಿದ್ದುದು ಚೆನ್ನಾಗಿ ಒಣಗಿದ ಜೋಳ. ಮೆಕ್ಕೆಜೋಳ ಕೊಯ್ಲಿನ ಹೊತ್ತಿಗೆ ನೂರಕ್ಕೆ ಇಪ್ಪತ್ತರಷ್ಟು, ಕೆಲವೊಮ್ಮೆ ಅದಕ್ಕೂ ಮೇಲೆ ತೇವವನ್ನು ಹೊತ್ತು ಬರುತ್ತದೆ. ಅದು ಕೆಡದೆ ಉಳಿಯಬೇಕಾದರೆ ಹನ್ನೆರಡು ಹದಿಮೂರಕ್ಕೆ ಇಳಿಯಬೇಕು. ನಡುವೆ ಒಂದು ಅಕಾಲದ ಮಳೆ ಬಂದರೂ ಲೆಕ್ಕವೆಲ್ಲ ತಲೆಕೆಳಗು. ತೇವದಿಂದ ಉಸಿರು, ಉಸಿರಿನಿಂದ ಕಾವು, ಕಾವಿನಿಂದ ಹುಳು ಮತ್ತು ಬೂಷ್ಟು, ಅವುಗಳ ಉಸಿರಿನಿಂದ ಇನ್ನಷ್ಟು ತೇವ, ಇನ್ನಷ್ಟು ಕಾವು. ಹುಳುಗಳಿಂದಾದ ಕಾವು ೪೨ ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೆ ನಿಲ್ಲುತ್ತದೆ, ಏಕೆಂದರೆ ಆ ಬಿಸಿಯನ್ನು ಹುಳುಗಳೇ ತಾಳಲಾರವು. ತೇವದ ಕಾಳಿನ ಬೂಷ್ಟಿನಿಂದ ಹುಟ್ಟಿದ್ದು ೬೦ ಡಿಗ್ರಿಯನ್ನೂ ಮುಟ್ಟಬಲ್ಲದು. ಮೂಗಿಗೆ ಮುಗ್ಗಲು ವಾಸನೆ ತಟ್ಟುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಇದರಲ್ಲಿ ಹೋಗುವುದು ಬರಿಯ ಹಣವಲ್ಲ. ಮೆಕ್ಕೆಜೋಳ, ಶೇಂಗಾಗಳ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಒಂದು ವಿಷವನ್ನು ಹುಟ್ಟಿಸುತ್ತದೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಹುಡುಕುತ್ತ ಹೋದವರಿಗೆ ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಯಲ್ಲಿ ಈ ವಿಷ ದೊರೆಯಿತು. ಬೂಷ್ಟಿನ ಹೆಸರಿನ ತುಣುಕುಗಳನ್ನೇ ಜೋಡಿಸಿ ಅದನ್ನು ಅಫ್ಲಟಾಕ್ಸಿನ್ ಎಂದು ಕರೆದರು. ೧೯೭೪ರಲ್ಲಿ ರಾಜಸ್ಥಾನ, ಗುಜರಾತುಗಳ ಕೆಲವು ಆದಿವಾಸಿ ಹಳ್ಳಿಗಳಲ್ಲಿ, ಕೊಯ್ಲಿನ ಹೊತ್ತಿಗೆ ಸುರಿದ ಅಕಾಲದ ಮಳೆಯಲ್ಲಿ ತೊಯ್ದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಬೇಯಿಸಿದ ಮಾತ್ರಕ್ಕೆ ಈ ವಿಷ ಹೋಗುವುದಿಲ್ಲ. ೧೯೯೭ರಲ್ಲಿ ಚಿತ್ರದುರ್ಗ ಜಿಲ್ಲೆಯಿಂದ ದಾವಣಗೆರೆ ಜಿಲ್ಲೆಗೆ ಸೇರಿದ ನಮ್ಮ ತಾಲ್ಲೂಕು ಮಳೆ ಕಡಿಮೆಯ ಸೀಮೆಯೆಂದೇ ಹೆಸರಾದದ್ದು. ಇಲ್ಲಿ ಬೆಳೆ ಕೈಗೆ ಬರುವುದೇ ಒಂದು ಪುಣ್ಯ. ಬಂದದ್ದು ರಾಶಿಯಲ್ಲಿ ಕೆಟ್ಟರೆ ಆ ನೋವನ್ನು ಹೇಳತೀರದು.

ಇನ್ನು ಟ್ರಾನ್ಸಿಸ್ಟರಿನ ಕಥೆ. ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಟ್ರಾನ್ಸಿಸ್ಟರ್ ಎಂದರೆ ರೇಡಿಯೋ ಎಂದೇ ಅರ್ಥ. ಅದು ಹೊಲಕ್ಕೂ ಹೋಗುತ್ತಿತ್ತು, ಕುರಿಯ ಹಿಂದೆ ಗುಡ್ಡಕ್ಕೂ ಹೋಗುತ್ತಿತ್ತು. ನಿಜವಾದ ಟ್ರಾನ್ಸಿಸ್ಟರ್ ಆ ಪೆಟ್ಟಿಗೆಯ ಒಳಗಿನ, ಕಡಲೆಕಾಳಿನ ಗಾತ್ರದ ಒಂದು ಬಿಡಿಭಾಗ. ೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರ್ಯಾಟನ್ ಎಂಬವರು ಅದರ ಮೊದಲ ರೂಪವನ್ನು ಕಂಡರು. ಅವರ ಮುಖ್ಯಸ್ಥ ಶಾಕ್ಲಿ ಅದನ್ನು ಈಗಿನ ರೂಪಕ್ಕೆ ತಂದ. ೧೯೫೬ರಲ್ಲಿ ಮೂವರಿಗೂ ನೊಬೆಲ್ ಬಹುಮಾನ ಬಂದಿತು. ಹೆಸರಿಟ್ಟವನು ಪಿಯರ್ಸ್ ಎಂಬ ಸಹೋದ್ಯೋಗಿ; ಆತ ಬಿಡುವಿನಲ್ಲಿ ವೈಜ್ಞಾನಿಕ ಕಥೆಗಳನ್ನು ಬರೆಯುತ್ತಿದ್ದ. ಹೆಸರಿಡಲು ಕೊನೆಗೂ ಕಥೆಗಾರನೇ ಬೇಕಾಯಿತು ಎಂಬುದನ್ನು ಸಾಹಿತ್ಯದವರು ಗಮನಿಸಬೇಕು. ನಮ್ಮ ನಾಡಿನಲ್ಲಿ, ೧೯೫೪ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ೧೯೬೦ರ ದಶಕದಲ್ಲಿ ಮೊದಲು ಜರ್ಮೇನಿಯಂ, ಅನಂತರ ಸಿಲಿಕಾನ್ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತು.

ಈ ಸಾಧನಕ್ಕೆ ಹುಟ್ಟಿನಿಂದ ಬಂದ ಒಂದು ದೋಷವಿತ್ತು. ಬಿಸಿ ತಾಕಿದರೆ ಅದು ತನ್ನ ನಡತೆಯನ್ನು ಬದಲಿಸಿಬಿಡುತ್ತಿತ್ತು. ಬಿಸಿಯಾದಂತೆ ಅದರಲ್ಲಿ ಪ್ರವಾಹ ಹೆಚ್ಚುತ್ತದೆ. ಪ್ರವಾಹ ಹೆಚ್ಚಿದಂತೆ ಅದು ಇನ್ನೂ ಬಿಸಿಯಾಗುತ್ತದೆ. ಕೊನೆಗೆ ತನ್ನ ಕಾವಿನಿಂದ ತಾನೇ ಸುಟ್ಟುಹೋಗುತ್ತದೆ. ತೊಯ್ದ ರಾಶಿಯ ಕಥೆಯೂ ಇದೇ ಅಲ್ಲವೆ? ಈ ದೋಷವನ್ನು ಅಡಗಿಸಲು ರೇಡಿಯೋ ಮಾಡುವ ಎಂಜಿನಿಯರುಗಳು ಹಲವು ಉಪಾಯಗಳನ್ನು ಹೂಡಿದರು. ಇನ್ನು ಕೆಲವರು ಬೇರೆ ರೀತಿಯಲ್ಲಿ ಯೋಚಿಸಿದರು. ಬಿಸಿಗೆ ಇದು ಇಷ್ಟು ನಿಯತವಾಗಿ ಓಗೊಡುವುದಾದರೆ, ಇದನ್ನೇ ಬಿಸಿಯ ಅಳತೆಗೆ ಏಕೆ ಹಚ್ಚಬಾರದು?

ಹಾಗೆ ಓಗೊಡಲು ಕಾರಣವೇನೆಂಬುದನ್ನು ಸಮೀಕರಣವಿಲ್ಲದೆ ಹೇಳಲು ಯತ್ನಿಸುತ್ತೇನೆ. ಟ್ರಾನ್ಸಿಸ್ಟರಿಗೆ ಮೂರು ಕಾಲು. ಪಠ್ಯಪುಸ್ತಕಗಳು ಅವನ್ನು ಉತ್ಸರ್ಜಕ, ಆಧಾರ, ಸಂಗ್ರಾಹಕ ಎನ್ನುತ್ತವೆ. ಅಂಗಡಿಯವರು ಎಮಿಟರ್, ಬೇಸ್, ಕಲೆಕ್ಟರ್ ಎನ್ನುತ್ತಾರೆ. ನಾನು ಅಂಗಡಿಯ ಮಾತನ್ನೇ ಬಳಸುತ್ತೇನೆ, ಕೊಳ್ಳುವುದು ಅಲ್ಲಿ ತಾನೆ. ಬೇಸ್ ಮತ್ತು ಎಮಿಟರುಗಳು ಕೂಡುವ ಗಡಿಯಲ್ಲಿ ಎಲೆಕ್ಟ್ರಾನುಗಳನ್ನು ತಡೆದು ನಿಲ್ಲಿಸುವ ಒಂದು ಅಡ್ಡಗೋಡೆಯಿದೆ. ಅದನ್ನು ಕುರಿರೊಪ್ಪದ ಬೇಲಿಯೆಂದುಕೊಳ್ಳಿ, ಎಲೆಕ್ಟ್ರಾನುಗಳನ್ನು ಕುರಿಗಳೆಂದುಕೊಳ್ಳಿ. ಬೇಲಿಯನ್ನು ನಾವು ಬೇಕಾದಷ್ಟು ತಗ್ಗಿಸಬಹುದು. ಎಷ್ಟು ತಗ್ಗಿಸಿದೆವು ಎಂಬುದೇ ವೋಲ್ಟೇಜು. ನಿಮಿಷಕ್ಕೆ ಎಷ್ಟು ಕುರಿಗಳು ಹಾರಿಹೋದವು ಎಂಬುದೇ ಪ್ರವಾಹ. ಕುರಿಗಳು ಶಾಂತವಾಗಿದ್ದರೆ, ನಿಮಿಷಕ್ಕೆ ಹತ್ತು ಕುರಿ ಹೊರಗೆ ಬರಬೇಕಾದರೆ ಬೇಲಿಯನ್ನು ಬಹಳ ತಗ್ಗಿಸಬೇಕು. ಅವು ಬೆದರಿ ಕುಪ್ಪಳಿಸುತ್ತಿದ್ದರೆ ಸ್ವಲ್ಪ ತಗ್ಗಿಸಿದರೂ ಸಾಕು, ಹತ್ತು ಕುರಿ ಹಾರಿಬಿಡುತ್ತವೆ. ತಾಪವೆಂದರೆ ಈ ಕುಪ್ಪಳಿಕೆಯೇ. ಆದ್ದರಿಂದ ಪ್ರವಾಹವನ್ನು ಬದಲಿಸದೆ ಒಂದೇ ಸಮನಾಗಿ ಇಟ್ಟರೆ, ಬಿಸಿ ಏರಿದಂತೆ ಬೇಕಾಗುವ ವೋಲ್ಟೇಜು ಇಳಿಯುತ್ತ ಹೋಗುತ್ತದೆ. ಸಿಲಿಕಾನ್ ಟ್ರಾನ್ಸಿಸ್ಟರಿನಲ್ಲಿ ಈ ಇಳಿತ ಡಿಗ್ರಿಗೆ ಎರಡು ಮಿಲಿವೋಲ್ಟು, ಅಥವಾ ಎರಡಕ್ಕಿಂತ ತುಸು ಹೆಚ್ಚು. ಮಿಲಿವೋಲ್ಟೆಂದರೆ ವೋಲ್ಟಿನ ಸಾವಿರದ ಒಂದು ಪಾಲು. ಅದು ಬಹು ಸಣ್ಣದೆಂದು ಹೆದರಬೇಕಾಗಿಲ್ಲ. ಎಲೆಕ್ಟ್ರಿಕ್ ಕೆಲಸದವರ ಚೀಲದಲ್ಲಿರುವ ಅಗ್ಗದ ಡಿಜಿಟಲ್ ಮಲ್ಟಿಮೀಟರು ಒಂದೊಂದು ಮಿಲಿವೋಲ್ಟನ್ನೂ ಎಣಿಸಿ ತೋರಿಸುತ್ತದೆ. ಎಂದರೆ ಸುಮಾರು ಅರ್ಧ ಡಿಗ್ರಿಯ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಈಗ ಕಾಗದ, ಪೆನ್ಸಿಲು ಇರುವವರು ಬರೆದುಕೊಳ್ಳಬಹುದು. ಬೇಕಾದ ಸಾಮಾನು: ಬಿ.ಸಿ. ೫೪೭ ಎಂಬ ಟ್ರಾನ್ಸಿಸ್ಟರ್ ಒಂದು. ೪೭ ಸಾವಿರ ಓಮಿನ ರೆಸಿಸ್ಟರ್ ಒಂದು. ೭೮೦೫ ಎಂಬ ಮೂರು ಕಾಲಿನ ರೆಗ್ಯುಲೇಟರ್ ಒಂದು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ, ಒಂದು ಸ್ವಿಚ್ಚು, ಎರಡೆಳೆಯ ತಂತಿ ಮೂರು ನಾಲ್ಕು ಮೀಟರು. ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವವರ ಬಳಿ ಇವು ಸಿಕ್ಕುತ್ತವೆ; ಬೆಂಗಳೂರಿಗೆ ಹೋಗುವವರಿದ್ದರೆ ಸಾದರ ಪಾತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರಸ್ತೆಯಲ್ಲಿ ಇದಕ್ಕೆಂದೇ ಅಂಗಡಿಗಳ ಸಾಲಿದೆ. ಹಳೆಯ ರೇಡಿಯೋದಿಂದ ಕಿತ್ತ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಮಾತ್ರ ಈ ಕೆಲಸಕ್ಕೆ ಹಚ್ಚಬೇಡಿ; ಬಿಸಿಯಲ್ಲಿ ಅದರೊಳಗೆ ಅಡ್ಡದಾರಿಯ ಸೋರಿಕೆ ಬಹಳ, ಲೆಕ್ಕ ಕೆಡುತ್ತದೆ.

ಬಿ.ಸಿ. ೫೪೭ನ್ನು ಕಾಲು ಕೆಳಗಾಗಿ, ಅದರ ಚಪ್ಪಟೆ ಮುಖ ನಮ್ಮ ಕಡೆಗಿರುವಂತೆ ಹಿಡಿದರೆ, ಎಡಗಡೆಯದು ಕಲೆಕ್ಟರ್, ನಡುವಿನದು ಬೇಸ್, ಬಲಗಡೆಯದು ಎಮಿಟರ್. ಎಡಗಡೆಯ ಎರಡು ಕಾಲುಗಳನ್ನು ಒಂದಕ್ಕೊಂದು ತಿರುಚಿ ಬೆಸೆಯಬೇಕು. ಇನ್ನು ಮೇಲೆ ಅದು ಎರಡೇ ತುದಿಯ ಸಾಧನ. ಬೆಸೆದ ತುದಿಗೆ ತಂತಿಯ ಒಂದು ಎಳೆ, ಎಮಿಟರಿಗೆ ಮತ್ತೊಂದು. ತಂತಿಯ ಇನ್ನೊಂದು ಕೊನೆಯಲ್ಲಿ, ಬೆಸೆದ ತುದಿಯಿಂದ ಬಂದ ಎಳೆಯನ್ನು ೪೭ ಸಾವಿರ ಓಮಿನ ರೆಸಿಸ್ಟರಿನ ಮೂಲಕ ರೆಗ್ಯುಲೇಟರಿನ ಐದು ವೋಲ್ಟಿಗೆ ಸೇರಿಸಬೇಕು. ಎಮಿಟರಿನ ಎಳೆಯನ್ನು ಬ್ಯಾಟರಿಯ ಋಣ ತುದಿಗೆ. ರೆಗ್ಯುಲೇಟರನ್ನು ಅಕ್ಷರ ಬರೆದ ಮುಖ ನಮ್ಮ ಕಡೆಗೆ ಮಾಡಿ ಹಿಡಿದಾಗ ಎಡಗಾಲಿಗೆ ಬ್ಯಾಟರಿಯ ಧನ ತುದಿಯನ್ನು ಸ್ವಿಚ್ಚಿನ ಮೂಲಕ ಕೊಡಬೇಕು, ನಡುಗಾಲಿಗೆ ಋಣ ತುದಿ, ಬಲಗಾಲಿನಲ್ಲಿ ಐದು ವೋಲ್ಟು ದೊರೆಯುತ್ತದೆ. ಮೀಟರಿನ ಎರಡು ಕಡ್ಡಿಗಳನ್ನು ತಂತಿಯ ಎರಡು ಎಳೆಗಳಿಗೆ ತಾಗಿಸಿದರೆ, ಕೋಣೆಯ ಬಿಸಿಯಲ್ಲಿ ೫೭೦ರಿಂದ ೬೦೦ ಮಿಲಿವೋಲ್ಟಿನ ಆಸುಪಾಸಿನಲ್ಲಿ ಒಂದು ಸಂಖ್ಯೆ ಕಾಣಿಸಿಕೊಳ್ಳಬೇಕು. ಟ್ರಾನ್ಸಿಸ್ಟರನ್ನು ಎರಡು ಬೆರಳಿನಲ್ಲಿ ಹಿಡಿದುಕೊಳ್ಳಿ, ಸಂಖ್ಯೆ ಇಳಿಯತೊಡಗುತ್ತದೆ. ಮೊದಲ ಬಾರಿ ಅದನ್ನು ಕಂಡವರಿಗೆ ತಮ್ಮ ಬೆರಳಿನ ಬಿಸುಪೇ ಅಂಕಿಯಾಗಿ ಬರುತ್ತಿರುವುದರ ಬೆರಗು ಬೇಗ ಹೋಗುವುದಿಲ್ಲ.

ಬ್ಯಾಟರಿಯಿಂದ ನೇರವಾಗಿ ಕೊಡದೆ ರೆಗ್ಯುಲೇಟರನ್ನು ನಡುವೆ ಇಟ್ಟದ್ದು ಏಕೆಂದು ಹೇಳಬೇಕು. ಬ್ಯಾಟರಿ ಒಂಬತ್ತು ವೋಲ್ಟಿನಿಂದ ಎಂಟಕ್ಕೆ ಕುಸಿದರೆ ಪ್ರವಾಹ ಕಡಿಮೆಯಾಗಿ, ಅಳತೆಯಲ್ಲಿ ಸುಮಾರು ಒಂದೂವರೆ ಡಿಗ್ರಿಯ ಸುಳ್ಳು ಸೇರಿಕೊಳ್ಳುತ್ತದೆ. ಅದೂ ಏರಿಕೆಯ ಕಡೆಗೆ. ಬ್ಯಾಟರಿ ಬಡವಾದಂತೆ ರಾಶಿಗೆ ಜ್ವರ ಬಂದಂತೆ ತೋರುತ್ತದೆ! ಪ್ರವಾಹವನ್ನು ಒಂದು ಮಿಲಿಆಂಪಿಯರಿನ ಹತ್ತನೆಯ ಒಂದಂಶಕ್ಕಿಂತ ಹೆಚ್ಚದಂತೆ ಇಟ್ಟದ್ದಕ್ಕೂ ಕಾರಣವಿದೆ: ಹೆಚ್ಚಾದರೆ ಟ್ರಾನ್ಸಿಸ್ಟರು ತನ್ನ ಬಿಸಿಯನ್ನೇ ಅಳೆದುಕೊಳ್ಳತೊಡಗುತ್ತದೆ. ರೆಗ್ಯುಲೇಟರು ಸುಮ್ಮನಿದ್ದಾಗಲೂ ಬ್ಯಾಟರಿಯನ್ನು ಕುಡಿಯುವುದರಿಂದ ಓದುವ ಹೊತ್ತಿನಲ್ಲಿ ಮಾತ್ರ ಸ್ವಿಚ್ಚು ಹಾಕಬೇಕು.

ಇನ್ನು ಟ್ರಾನ್ಸಿಸ್ಟರಿನ ಬೆಸುಗೆಗಳಿಗೆ ತೇವ ತಾಗದಂತೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಮೇಲೆ ಅರಾಲ್ಡೈಟ್‌ನಂತಹ ಅಂಟನ್ನು ಬಳಿದು ಒಣಗಿಸಬೇಕು. ಈ ಕೆಲಸದಲ್ಲಿ ಅವಸರ ಕೂಡದು. ಕಾಲುಗಳ ನಡುವೆ ತೇವ ಸೇರಿದರೂ ಅಂಕಿ ಇಳಿದು, ಇಲ್ಲದ ಕಾವು ಇದ್ದಂತೆ ಕಾಣುತ್ತದೆ.

ಅಂಕಿಯೇನೋ ಬಂದಿತು, ಅದನ್ನು ಡಿಗ್ರಿಯಾಗಿ ಓದುವುದು ಹೇಗೆ? ಒಂದು ಟ್ರಾನ್ಸಿಸ್ಟರಿನಂತೆ ಇನ್ನೊಂದಿಲ್ಲ. ಒಂದೇ ಪೊಟ್ಟಣದ ಹತ್ತು ಹತ್ತು ಬಗೆಯಾಗಿ ಹೇಳಬಹುದು. ಪ್ರತಿಯೊಂದಕ್ಕೂ ಅದರ ಭಾಷೆಯನ್ನು ಕಲಿಸಿಕೊಳ್ಳಬೇಕು. ಮೊದಲು, ಒಂದು ಲೋಟದ ತುಂಬ ಕುಟ್ಟಿದ ಮಂಜುಗಡ್ಡೆ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಬೆರೆಸಿ, ಕಲಕುತ್ತ ಟ್ರಾನ್ಸಿಸ್ಟರನ್ನು ಅದರಲ್ಲಿ ಮುಳುಗಿಸಿ. ಅಂಕಿ ನಿಂತಲ್ಲಿ ಬರೆದುಕೊಳ್ಳಿ: ಅದು ಸೊನ್ನೆ ಡಿಗ್ರಿ. ಎರಡನೆಯ ಗುರುತಿಗೆ ಕುದಿಯುವ ನೀರನ್ನು ಹುಡುಕುವುದು ವಾಡಿಕೆ. ಆದರೆ ನೀರು ನೂರು ಡಿಗ್ರಿಯಲ್ಲಿ ಕುದಿಯುವುದು ಕಡಲ ತಡಿಯಲ್ಲಿ. ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರು ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಅದು ೯೮ ಡಿಗ್ರಿಗೇ ಕುದಿಯುತ್ತದೆ. ಅದಲ್ಲದೆ ನಮ್ಮ ರಾಶಿಗೆ ಅಷ್ಟು ದೂರದ ಗುರುತು ಬೇಡ. ಶಾಲೆಯ ಪ್ರಯೋಗಶಾಲೆಯ ಒಂದು ಉಷ್ಣಮಾಪಕವನ್ನು ಪಕ್ಕದಲ್ಲಿಟ್ಟುಕೊಂಡು, ೪೦ ಡಿಗ್ರಿಯ ಬಿಸಿನೀರಿನಲ್ಲಿ ಟ್ರಾನ್ಸಿಸ್ಟರನ್ನು ಮುಳುಗಿಸಿ ಎರಡನೆಯ ಅಂಕಿಯನ್ನು ಬರೆದುಕೊಂಡರೆ ಸಾಕು. ಉದಾಹರಣೆಗೆ, ಮಂಜಿನಲ್ಲಿ ೬೪೦, ಬಿಸಿನೀರಿನಲ್ಲಿ ೫೫೨ ಬಂದಿತೆನ್ನಿ. ನಲವತ್ತು ಡಿಗ್ರಿಗೆ ೮೮ ಮಿಲಿವೋಲ್ಟು ಇಳಿದಿದೆ, ಡಿಗ್ರಿಗೆ ೨.೨ರಂತೆ. ನಾಳೆ ರಾಶಿಯೊಳಗಿನಿಂದ ೫೭೪ ಬಂದರೆ, ೬೪೦ರಿಂದ ಅದನ್ನು ಕಳೆದು ಉಳಿದ ೬೬ನ್ನು ೨.೨ರಿಂದ ಭಾಗಿಸಿದರೆ ೩೦ ಡಿಗ್ರಿ.

ಬಿಸಿ ಏರಿದಂತೆ ಅಂಕಿ ಇಳಿಯುವ ಈ ತಲೆಕೆಳಗಿನ ಲೆಕ್ಕ ವಿಚಿತ್ರವೆನಿಸಬಹುದು. ಸ್ವೀಡನ್ ದೇಶದ ಸೆಲ್ಸಿಯಸ್ ೧೭೪೨ರಲ್ಲಿ ತನ್ನ ಮಾಪನವನ್ನು ಮುಂದಿಟ್ಟಾಗ ನೀರು ಕುದಿಯುವ ಬಿಂದುವಿಗೆ ಸೊನ್ನೆಯೆಂದೂ ಹೆಪ್ಪುಗಟ್ಟುವ ಬಿಂದುವಿಗೆ ನೂರೆಂದೂ ಗುರುತು ಹಾಕಿದ್ದ. ಅವನು ತೀರಿಕೊಂಡ ಮೇಲೆ ಅದನ್ನು ತಿರುಗಿಸಿ ನಿಲ್ಲಿಸಿದರು. ಟ್ರಾನ್ಸಿಸ್ಟರು ಸೆಲ್ಸಿಯಸನ ಮೂಲಪ್ರತಿಯನ್ನೇ ಹಿಡಿದುಕೊಂಡಿದೆ ಎಂದು ಪಾಠಾಂತರ ಹುಡುಕುವ ನಮ್ಮಂಥವರು ಸಮಾಧಾನ ಪಟ್ಟುಕೊಳ್ಳಬಹುದು.

ಹೀಗೆ ಪ್ರತಿಯೊಂದಕ್ಕೂ ಕಲಿಸದೆ, ಯಾವ ಟ್ರಾನ್ಸಿಸ್ಟರು ಹಿಡಿದರೂ ಒಂದೇ ಉತ್ತರ ಬರುವಂಥ ದಾರಿಯಿಲ್ಲವೆ? ಇದೆ, ಮತ್ತು ಅದು ಬಹಳ ಸೊಗಸಾದದ್ದು. ಮತ್ತೆ ರೊಪ್ಪದ ಬಳಿಗೆ ಬರೋಣ. ಹತ್ತು ಕುರಿ ಹಾರಲು ಬೇಲಿಯನ್ನು ಎಷ್ಟು ತಗ್ಗಿಸಬೇಕೆಂಬುದು ಆ ಬೇಲಿ ಮೊದಲು ಎಷ್ಟು ಎತ್ತರವಿತ್ತು ಎಂಬುದನ್ನು ಅವಲಂಬಿಸುತ್ತದೆ. ಆದರೆ ಹತ್ತರ ಬದಲು ನೂರು ಕುರಿ ಹಾರಬೇಕಾದರೆ ಇನ್ನೂ ಎಷ್ಟು ತಗ್ಗಿಸಬೇಕು ಎಂಬ ಪ್ರಶ್ನೆಗೆ ಬೇಲಿಯ ಎತ್ತರದ ಗೊಡವೆಯೇ ಇಲ್ಲ; ಅದು ಕುರಿಗಳ ಕುಪ್ಪಳಿಕೆಯೊಂದನ್ನೇ ಅವಲಂಬಿಸಿದೆ. ಅಂತೆಯೇ ಒಂದೇ ಟ್ರಾನ್ಸಿಸ್ಟರಿನಲ್ಲಿ ಮೊದಲು ಒಂದು ಪ್ರವಾಹ, ಅನಂತರ ಅದರ ಹತ್ತು ಪಟ್ಟು ಪ್ರವಾಹ ಹರಿಸಿ, ಎರಡು ವೋಲ್ಟೇಜುಗಳ ವ್ಯತ್ಯಾಸವನ್ನು ನೋಡಿದರೆ, ಅದು ನಿರಪೇಕ್ಷ ಶೂನ್ಯದಿಂದ, ಅಂದರೆ ಸೆಲ್ಸಿಯಸ್ಸಿನ ಸೊನ್ನೆಗಿಂತ ೨೭೩ ಡಿಗ್ರಿ ಕೆಳಗಿನಿಂದ ಎಣಿಸಿದ ತಾಪಕ್ಕೆ ನೇರ ಅನುಪಾತದಲ್ಲಿರುತ್ತದೆ. ೨೭ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದು ಸುಮಾರು ೬೦ ಮಿಲಿವೋಲ್ಟು. ಬೆಂಗಳೂರಿನ ಟ್ರಾನ್ಸಿಸ್ಟರಾದರೇನು, ಜಪಾನಿನದಾದರೇನು, ಅಷ್ಟೇ. ಆ ಅನುಪಾತದಲ್ಲಿ ಸೇರಿರುವ ಸ್ಥಿರಾಂಕಕ್ಕೆ ಬೋಲ್ಟ್ಸ್‌ಮನ್ ಎಂಬ ಆಸ್ಟ್ರಿಯದ ವಿಜ್ಞಾನಿಯ ಹೆಸರಿದೆ. ಬಿಸಿಯೆಂದರೆ ಕಣಗಳ ಚಲನೆ ಎಂಬ ಮಾತನ್ನು ಅವನು ಸಾಧಿಸಹೊರಟಾಗ, ಕಣಗಳಿವೆ ಎಂಬುದನ್ನೇ ಒಪ್ಪದ ಪ್ರಬಲ ಪಂಡಿತರಿದ್ದರು. ೧೯೦೬ರಲ್ಲಿ ಅವನು ತನ್ನ ಕೈಯಾರೆ ಪ್ರಾಣ ಕಳೆದುಕೊಂಡ. ವಿಯೆನ್ನಾದಲ್ಲಿ ಅವನ ಸಮಾಧಿಯ ಮೇಲೆ ಕೆತ್ತಿರುವ ಸೂತ್ರದಲ್ಲಿ ಆ ಸ್ಥಿರಾಂಕವಿದೆ. ಇಂದು ಪ್ರತಿಯೊಬ್ಬರ ಜೇಬಿನ ಮೊಬೈಲಿನ ಒಳಗೂ ಅದು ಕೆಲಸಮಾಡುತ್ತಿದೆ. ಬಿಸಿಲಲ್ಲಿಟ್ಟ ಮೊಬೈಲು ತಾನು ಬಿಸಿಯಾಗಿದ್ದೇನೆ ಎಂದು ಹೇಳುವುದು ಚಿಲ್ಲಿನೊಳಗೆ ಅಡಗಿರುವ ಇಂಥ ಟ್ರಾನ್ಸಿಸ್ಟರಿನ ಬಲದಿಂದಲೇ. ಮನೆಯಲ್ಲಿ ಮಾಡುವವರಿಗೆ ಈ ದಾರಿ ತುಸು ಕಷ್ಟ, ಏಕೆಂದರೆ ಇಲ್ಲಿ ಡಿಗ್ರಿಗೆ ಸಿಕ್ಕುವುದು ಮಿಲಿವೋಲ್ಟಿನ ಐದನೆಯ ಒಂದು ಪಾಲು ಮಾತ್ರ. ನಮಗೆ ಮಂಜುಗಡ್ಡೆಯ ಲೋಟವೇ ಲೇಸು.

ಸಿದ್ಧವಾದ ಟ್ರಾನ್ಸಿಸ್ಟರನ್ನು ಒಂದು ಬಿದಿರು ಗಳುವಿನ ತುದಿಗೆ ಕಟ್ಟಿ, ತಂತಿಯನ್ನು ಗಳುವಿನ ಉದ್ದಕ್ಕೆ ಸುತ್ತಿ, ರಾಶಿಯೊಳಕ್ಕೆ ಚುಚ್ಚಬೇಕು. ತಂತಿ ಉದ್ದವಾದರೂ ಅಳತೆ ಕೆಡುವುದಿಲ್ಲ, ಪ್ರವಾಹ ಅಷ್ಟು ಸಣ್ಣದು. ಆದರೆ ಒಂದೇ ಗಳುವನ್ನು ನಂಬುವುದು ಸಲ್ಲ. ಕಾಳು ಉಷ್ಣವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಒಂದೆಡೆ ೪೦ ಡಿಗ್ರಿ ಕುದಿಯುತ್ತಿದ್ದರೂ ಒಂದು ಮಾರು ಆಚೆಗೆ ಅದರ ಸುಳಿವೇ ಇರಲಾರದು. ರಾಶಿ ದೊಡ್ಡದಾದಷ್ಟೂ ಗಳು ಹೆಚ್ಚಬೇಕು. ನಡುಭಾಗ, ನೆತ್ತಿಯ ಕೆಳಗೆ ಒಂದೂವರೆ ಅಡಿ, ಮಳೆನೀರು ಹರಿದು ಬರುವ ಕಡೆಯ ಬುಡ, ಇವನ್ನು ಬಿಡಬಾರದು. ನೆತ್ತಿಯನ್ನು ಹೇಳಿದ್ದಕ್ಕೆ ಕಾರಣ, ಒಳಗಿನ ಬಿಸಿಗಾಳಿ ಮೇಲಕ್ಕೇರಿ ತಣ್ಣನೆಯ ಪದರಕ್ಕೆ ತಾಗಿ ತನ್ನ ತೇವವನ್ನು ಅಲ್ಲಿ ಇಳಿಸುತ್ತದೆ. ಚುಚ್ಚಿದ ಕೂಡಲೇ ಓದಬಾರದು. ಗಳುವಿನ ತುದಿ ಸುತ್ತಲಿನ ಕಾಳಿನ ತಾಪಕ್ಕೆ ಬರಲು ಕಾಲು ಗಂಟೆಯಾದರೂ ಬೇಕು. ಪ್ರತಿದಿನ ಒಂದೇ ಹೊತ್ತಿನಲ್ಲಿ, ಸೂರ್ಯ ಹುಟ್ಟುವುದಕ್ಕೆ ಮುಂಚೆಯಾದರೆ ಒಳ್ಳೆಯದು, ಓದಿ ಗೋಡೆಯ ಕ್ಯಾಲೆಂಡರಿನ ಆ ತಾರೀಖಿನ ಮನೆಯಲ್ಲೇ ಬರೆದಿಡಿ. ಹೊರಗಿನ ಗಾಳಿಯ ತಾಪವನ್ನೂ ಪಕ್ಕದಲ್ಲಿ ಬರೆಯಿರಿ. ಒಣಗಿದ ರಾಶಿ ಹೊರಗಿನ ಋತುವನ್ನು ಹಿಂದಿನಿಂದ ನಿಧಾನವಾಗಿ ಅನುಸರಿಸುತ್ತದೆ. ಹೊರಗೆ ಚಳಿ ಏರುತ್ತಿರುವಾಗ ಒಳಗಿನ ತಾಪ ಮೂರು ನಾಲ್ಕು ದಿನ ಸತತವಾಗಿ ಏರುತ್ತಿದ್ದರೆ, ಆ ಏರಿಕೆ ಎರಡೇ ಡಿಗ್ರಿಯಿರಲಿ, ಕಾಯಬಾರದು. ರಾಶಿಯನ್ನು ಬಿಚ್ಚಿ ಬಿಸಿಲಿಗೆ ಹರವಬೇಕು. ೩೦ ಡಿಗ್ರಿ ಇದ್ದರೂ ಅಲ್ಲಾಡದೆ ನಿಂತಿರುವ ರಾಶಿಗಿಂತ ೨೪ರಿಂದ ೨೭ಕ್ಕೆ ಹತ್ತಿದ ರಾಶಿಯೇ ಹೆಚ್ಚು ಅಪಾಯದ್ದು. ಕೈಗೆ ತಿಳಿಯದೆ ಹೋಗುವುದು ಈ ವ್ಯತ್ಯಾಸವೇ.

ಟ್ರಾನ್ಸಿಸ್ಟರು ಕಾವನ್ನು ಹೇಳುತ್ತದೆ, ತೇವವನ್ನು ಹೇಳುವುದಿಲ್ಲ. ರಾಶಿ ಹಾಕುವ ಮುನ್ನವೇ ತೇವವನ್ನು ತಿಳಿಯಲು ಅದಕ್ಕಿಂತ ಅಗ್ಗದ ಇನ್ನೊಂದು ಉಪಾಯವಿದೆ. ಒಣಗಿದ ಗಾಜಿನ ಬಾಟಲಿಯೊಂದರಲ್ಲಿ ಕಾಲುಭಾಗ ಕಾಳು ತುಂಬಿ, ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿ ಉಪ್ಪನ್ನು ಒಂದೆರಡು ಚಮಚ ಹಾಕಿ, ಮುಚ್ಚಳ ಬಿಗಿದು ಒಂದು ನಿಮಿಷ ಚೆನ್ನಾಗಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಬಾಟಲಿಯ ಗೋಡೆಗೆ ಅಂಟಿಕೊಂಡರೆ ಕಾಳಿನಲ್ಲಿ ನೂರಕ್ಕೆ ಹದಿನೈದಕ್ಕಿಂತ ಹೆಚ್ಚು ತೇವವಿದೆ, ಇನ್ನೂ ಒಣಗಬೇಕು. ಅಂಟದೆ ಉದುರಿದರೆ ಹದಿನೈದರ ಒಳಗೆ ಬಂದಿದೆ; ಮತ್ತೆರಡು ಬಿಸಿಲು ಕಾಣಿಸಿ ರಾಶಿ ಹಾಕಬಹುದು, ಗಳು ಚುಚ್ಚಬಹುದು.